ಇಳಿಜಾರು ಕಲಿಸುವ ಮೊದಲು

ಬೆನ್ನುಹುರಿಗೆ ಪೆಟ್ಟಾಗಿ ನಮ್ಮ ಪುನಶ್ಚೇತನ ವಾರ್ಡಿಗೆ ಬರುವವರೆಲ್ಲ ಕೇಳುವ ಮಾತು ಒಂದೇ: 'ನಾ ಯಾವಾಗ ನಡೀತೀನ್ರಿ?' ಬೆಳಿಗ್ಗೆ ಕಾಲು ಮಡಚಿ ಬಿಡಿಸುವಾಗ ಕೇಳುತ್ತಾರೆ. ಮಧ್ಯಾಹ್ನ ಗಾಲಿಕುರ್ಚಿಗೆ ಕೂರಿಸುವಾಗ ಕೇಳುತ್ತಾರೆ. ನಾನು ಮನೆಗೆ ಹೊರಟು ಚಪ್ಪಲಿ ಮೆಟ್ಟುವಾಗಲೂ ಬಾಗಿಲ ಹತ್ತಿರದ ಹಾಸಿಗೆಯಿಂದ ಕೂಗಿ ಕೇಳುತ್ತಾರೆ. ಸುಳ್ಳು ಹೇಳದೆ, ನಿಜವನ್ನೂ ಪೂರ್ತಿ ಹೇಳದೆ ದಿನ ದೂಡುವುದನ್ನು ಫಿಸಿಯೋಥೆರಪಿಸ್ಟ್ ಆದವಳು ಬೇಗ ಕಲಿಯುತ್ತಾಳೆ. ಆ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಅದನ್ನು ಕೇಳದೇ ಇರುವ ಒಬ್ಬ ರೋಗಿ ಬಂದ ಮೇಲೆ, ಕೇಳುವವರೇ ಎಷ್ಟೋ ವಾಸಿ ಅನ್ನಿಸಿತು.

ಅವರು ಖಾನಾಪುರದ ಕಡೆಯವರು, ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಉರಿಸುವ ಕೆಲಸ. ಹಸಿ ಹಂಚು ಒಣಗಿಸುವ ಅಟ್ಟದಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬೆಳಗಾವಿಯ ನಮ್ಮ ಆಸ್ಪತ್ರೆಗೆ ಬಂದಾಗ ಜೊತೆಗೆ ಹೆಂಡತಿ ಮತ್ತು ಹೆಂಡತಿಯ ಅಣ್ಣ ಇದ್ದರು. ಆ ಅಣ್ಣ ಮಾತಿಗೊಮ್ಮೆ 'ದಾಜಿ' ಎನ್ನುತ್ತಿದ್ದರು. ಮರಾಠಿ ಮನೆಗಳಲ್ಲಿ ಅಕ್ಕತಂಗಿಯರ ಗಂಡನನ್ನು ಹಾಗೆ ಕರೆಯುತ್ತಾರೆ. ನಮ್ಮ ವಾರ್ಡಿನಲ್ಲಿ ಮೊದಲ ದಿನ ಕಿವಿಗೆ ಬಿದ್ದ ಹೆಸರೇ ಕೊನೆಯವರೆಗೂ ಉಳಿಯುತ್ತದೆ. ಹೀಗೆ ಅವರು ನರ್ಸುಗಳಿಗೂ ದಾಜಿ, ನೆಲ ಒರೆಸುವ ಮಾವಶಿಗೂ ದಾಜಿ, ನನಗೂ ದಾಜಿಯೇ ಆದರು.

ದಾಜಿ ನಡೆಯುವ ಮಾತೇ ಎತ್ತಲಿಲ್ಲ. ಬಂದ ವಾರದಲ್ಲೇ ಕೇಳಿದ್ದು ಬೇರೆ: 'ಖಾಟ್ ಮ್ಯಾಲಿಂದ ಖುರ್ಚಿಗೆ ನಾ ಒಬ್ಬನ ಹೋಗೂದು ಹ್ಯಾಂಗ್ರಿ ಮೇಡಂ?' ಅದಕ್ಕೆ ಒಂದು ನುಣುಪಾದ ಹಲಗೆ ಬೇಕು. ಹಾಸಿಗೆಗೂ ಗಾಲಿಕುರ್ಚಿಗೂ ನಡುವೆ ಸೇತುವೆಯಂತೆ ಅದನ್ನಿಟ್ಟು, ಎರಡೂ ಕೈ ಊರಿ, ಸೊಂಟ ಎತ್ತಿ, ಇಷ್ಟಿಷ್ಟೇ ಜರುಗಬೇಕು. ಎಲ್ಲಕ್ಕಿಂತ ಮೊದಲು ಬ್ರೇಕ್ ಹಾಕಬೇಕು. ಬ್ರೇಕ್ ಮರೆತರೆ ಕುರ್ಚಿ ಹಿಂದೆ ಸರಿದು ಮನುಷ್ಯ ನೆಲಕ್ಕೆ ಬೀಳುತ್ತಾನೆ. ನಾನು ದಿನಕ್ಕೆ ಎಷ್ಟು ಸಲ 'ಮೊದಲು ಬ್ರೇಕ್' ಅನ್ನುತ್ತೇನೋ ನನಗೇ ಗೊತ್ತಿಲ್ಲ. ಮನೆಯಲ್ಲಿ ಕುಕ್ಕರ್ ಇಳಿಸುವಾಗಲೂ ಅಂದುಬಿಟ್ಟು ಮಕ್ಕಳಿಂದ ನಗಿಸಿಕೊಂಡಿದ್ದೇನೆ.

ಬೇರೆಯವರಿಗೆ ತಿಂಗಳು ಹಿಡಿಯುವುದನ್ನು ದಾಜಿ ಅದರ ಅರ್ಧದಲ್ಲಿ ಕಲಿತರು. ಭಟ್ಟಿಗೆ ಸೌದೆ ಒಟ್ಟಿದ ತೋಳುಗಳು, ಕಬ್ಬಿಣದಂತಿದ್ದವು. ಕುರ್ಚಿಯಿಂದ ನೆಲಕ್ಕೆ ಇಳಿಯುವುದು, ನೆಲದಿಂದ ಮತ್ತೆ ಕುರ್ಚಿ ಏರುವುದು, ಹೊಸ್ತಿಲು ದಾಟಲು ಮುಂದಿನ ಸಣ್ಣ ಗಾಲಿ ಎತ್ತುವುದು, ಒಂದಾದ ಮೇಲೊಂದು ಕೇಳಿ ಕೇಳಿ ಕಲಿತರು. 'ಯಾರೂ ಹಿಡಿಯೂದು ಬ್ಯಾಡ' ಎನ್ನುವುದು ಪ್ರತಿ ಮಾತಿನ ಬಾಲ. ಅಳಲಿಲ್ಲ, ರೇಗಲಿಲ್ಲ, ಊಟದ ತಟ್ಟೆ ಸರಿಸಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥ ಡಾಕ್ಟರು, ನಾವು ಸಾಹೇಬರು ಎನ್ನುವವರು, ರೌಂಡ್ಸಿಗೆ ಬಂದಾಗಲೆಲ್ಲ ಅವರ ಹಾಸಿಗೆಯ ಮುಂದೆ ನಿಂತು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು.

'ಇಂಥಾ ಪೇಷಂಟ್ ಇದ್ರ ನಮಗ ಕೆಲಸನ ಇಲ್ಲ ನೋಡ್ರಿ' ಎನ್ನುತ್ತಿದ್ದರು. ದಾಜಿ ನಕ್ಕು ಕೈ ಮುಗಿಯುತ್ತಿದ್ದರು.

ಆ ನಗು ನನಗೆ ಹಿಡಿಸಲಿಲ್ಲ. ಯಾಕೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ.

ಪೆಟ್ಟಾದವರ ಮನಸ್ಸಿನ ಆರೋಗ್ಯವನ್ನು ತಪಾಸಣೆ ಮಾಡಿಸಬೇಕು ಎಂಬುದು ನಮ್ಮಲ್ಲಿ ನಿಯಮವೇನೋ ಇದೆ. ನಮ್ಮಲ್ಲಿ ಯಾರು ಬೇಕಾದರೂ ಕೋರಿಕೆ ಬರೆಯಬಹುದು. ಸಾಹೇಬರು ಸಹಿ ಹಾಕಬೇಕು, ಮನೆಯವರು ಒಪ್ಪಬೇಕು. ಮನಶ್ಶಾಸ್ತ್ರಜ್ಞೆ ಒಬ್ಬರೇ, ವಾರಕ್ಕೆರಡು ದಿನ ಹಿಂದಿನ ಕಟ್ಟಡದಲ್ಲಿ ಕೂರುತ್ತಾರೆ. ಆದರೆ ನಾವು ಕಳಿಸುವುದು ಯಾರನ್ನು? ರಾತ್ರಿಯೆಲ್ಲ ಅಳುವವರನ್ನು, ನರ್ಸಿಗೆ ಬೈಯುವವರನ್ನು, ವ್ಯಾಯಾಮ ಒಲ್ಲೆ ಎಂದು ಗೋಡೆಗೆ ಮುಖ ಮಾಡುವವರನ್ನು. ಅಂದರೆ ನಮಗೆ ತೊಂದರೆ ಕೊಡುವವರನ್ನು. ವ್ಯಾಯಾಮ ಮಾಡುವವನಿಗೆ ಬದುಕುವ ಆಸೆ ಇದ್ದೇ ಇರುತ್ತದೆ ಎಂಬುದು ನಮ್ಮ ಕಸುಬಿನ ಮೂಢನಂಬಿಕೆ. ಅವನ ಬಗ್ಗೆ ನಾವು 'ಮನೋಸ್ಥೈರ್ಯ ಉತ್ತಮ' ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತೇವೆ.

ಆ ದಿನಗಳಲ್ಲೇ ಕಾರ್ಖಾನೆಯಿಂದ ಒಬ್ಬ ಹೊಸ ಭಟ್ಟಿಯಾಳು ಮಧ್ಯಾಹ್ನದ ಹೊತ್ತು ಬರತೊಡಗಿದ. ದಾಜಿ ಅವನನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಬೆಂಕಿಯ ಬಣ್ಣ ಹೇಗಾದಾಗ ಸೌದೆ ನಿಲ್ಲಿಸಬೇಕು, ಯಾವ ಕಿಂಡಿ ಯಾವಾಗ ಮುಚ್ಚಬೇಕು, ಮೋಡ ಕವಿದ ದಿನ ಏನು ಮಾಡಬೇಕು. ಅವರ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಆಕೆ ಒಂದು ದಿನ ನೀರು ತರುವ ನೆಪದಲ್ಲಿ ನನ್ನ ಹಿಂದೆ ಕಾರಿಡಾರಿಗೆ ಬಂದಳು.

'ನನಗ ಇದು ಸರಿ ಕಾಣವಲ್ದು ಮೇಡಂ' ಎಂದಳು.

'ಏನ್ ಅಕ್ಕಾ?'

'ನಮ್ಮ ಅಣ್ಣನ ಮಗಾ ಕೈಕಾಲ್ ಬಿದ್ದು ಕೇಳಿದ್ರೂ ಭಟ್ಟಿ ಗುಟ್ಟು ಹೇಳಿಕೊಟ್ಟಿರಲಿಲ್ರಿ ಇವ್ರು. ಅದು ನನ್ನ ರೊಟ್ಟಿ ಐತಿ ಅಂತಿದ್ರು. ಈಗ ಪರಕೀ ಮನಶ್ಯಾನ್ನ ಕರದು ಕರದು ಹೇಳಾಕತ್ತಾರ.'

ನಾನು ದಾಜಿಯನ್ನೇ ಕೇಳಿದೆ. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹೇಳಿದರು: 'ಭಟ್ಟಿ ಆರಬಾರದ್ರಿ. ನನ್ನ ಹಿಂದ ಯಾರರೆ ಬೇಕಲ್ಲಾ?'

ಕೆಲಸ ಕೈಬಿಟ್ಟವರೂ ಹೀಗೇ ಮಾತಾಡುತ್ತಾರೆ, ನಿಜ. ಆದರೆ ನಡೆಯುವ ಮಾತು ಒಮ್ಮೆಯೂ ಆಡದಿದ್ದವರು, ಎಲ್ಲವನ್ನೂ ಒಬ್ಬರೇ ಮಾಡಬೇಕು ಎನ್ನುವವರು, ತಮ್ಮ ಕಸುಬನ್ನು ಬೇರೆಯವರ ಕೈಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾರೆ. ಮೂರನ್ನೂ ಸೇರಿಸಿ ನೋಡಿದರೆ ನನಗೆ ಕಂಡದ್ದು ಒಂದೇ, ಬದುಕಿನಿಂದ ಹೊರಡುವ ತಯಾರಿ. ಆ ಮಧ್ಯಾಹ್ನವೇ ಮನಶ್ಶಾಸ್ತ್ರಜ್ಞೆಗೆ ಕೋರಿಕೆ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಸಾಹೇಬರು ಓದಿ ಕನ್ನಡಕ ತೆಗೆದರು. 'ಇಡೀ ವಾರ್ಡಿನ್ಯಾಗ ಒಬ್ಬ ಶಾಣ್ಯಾ ಪೇಷಂಟ್ ಅದಾನ. ಅವನ್ನ ಕಳಸ್ತೀರಿ ಅಲ್ಲಿಗೆ? ಅಲ್ಲಿ ಸಾಲು ಎಷ್ಟುದ್ದ ಐತಿ ಗೊತ್ತದನ ನಿಮಗ? ಖರೇ ಬೇಕಾದವ್ರು ಕಾಯಾಕತ್ತಾರ.'

'ಇವ್ರಿಗೂ ಖರೇನ ಬೇಕಾಗೈತಿ ಅಂತ ಅನಸ್ತೈತಿ ಸರ್.'

'ಅನಸ್ತೈತಿ ಅಂದ್ರ ಏನು? ಅಳ್ತಾನೇನು? ನಿದ್ದಿ ಬರೂದಿಲ್ಲೇನು? ಊಟಾ ಬಿಟ್ಟಾನೇನು?'

ಯಾವುದೂ ಇಲ್ಲ. ಬೆಂಕಿಯ ಬಣ್ಣ ಹೇಳಿಕೊಟ್ಟರು ಎಂಬುದನ್ನು ರೋಗಲಕ್ಷಣ ಎಂದು ಬರೆಯುವ ಜಾಗ ಯಾವ ಕಾಗದದಲ್ಲೂ ಇರಲಿಲ್ಲ. ಕೋರಿಕೆ 'ಸದ್ಯಕ್ಕೆ ಅಗತ್ಯವಿಲ್ಲ' ಎಂದು ವಾಪಸ್ಸು ಬಂತು. ನನ್ನ ಮೇಲೆ ನನಗೇ ನಾಚಿಕೆಯಾಯಿತು, ಸಾಹೇಬರ ಮೇಲೆ ಸಿಟ್ಟೂ ಬಂತು. ಸಾಹೇಬರು ಕೆಟ್ಟವರಲ್ಲ. ಹಾಸಿಗೆಗಾಗಿ ಕಾಯುವವರ ಫೋನು ಅವರಿಗೆ ಬರುತ್ತದೆ, ನನಗೆ ಬರುವುದಿಲ್ಲ.

ಅದೇ ವಾರ ದಾಜಿ ಕೇಳಿದರು: 'ಇನ್ನ ಇಳಿಜಾರ ಕಲಸ್ರಿ ಮೇಡಂ. ಕಚ್ಚಾ ರಸ್ತಾದ್ದು.'

'ಎಲ್ಲೈತಿ ಇಳಿಜಾರ ನಿಮ್ಮಲ್ಲಿ?'

'ಮನಿ ಹಿಂದ. ಹೊಳಿಗೆ ಇಳಿಯೂ ದಾರಿ.'

'ಯಾರ ಜೋಡಿ ಹೋಗ್ತೀರಿ?'

'ಒಬ್ಬನ.' ಮತ್ತೆ ಅದೇ ನಗು. 'ಹೊಳಿ ನೋಡಾಕ ಜೋಡಿ ಯಾರ ಬೇಕ್ರಿ?'

ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಬೆಳಿಗ್ಗೆ ಹೊಳೆಯ ಮುಂದೆ ಕೂತು ಬರುವ ಆಸೆ ಇರುವುದು ಸಹಜ. ಅದು ಬರೀ ಆಸೆಯಾಗಿದ್ದರೆ ಅದನ್ನು ತಡೆಯುವ ನಾನು ಪಾಪಿ. ಅದು ಬೇರೆ ಏನಾದರೂ ಆಗಿದ್ದರೆ ಅದನ್ನು ಕಲಿಸುವ ನಾನು ಇನ್ನೂ ದೊಡ್ಡ ಪಾಪಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಒಳಗೆ ನೋಡಲು ನನಗೆ ಬರುವುದಿಲ್ಲ, ಅದಕ್ಕೇ ಅಲ್ಲವೇ ಇನ್ನೊಬ್ಬರನ್ನು ಕೇಳುತ್ತಿರುವುದು?

ಅವತ್ತು ಸಂಜೆ ಮಿಲಿಟರಿ ಕ್ಯಾಂಪಿನ ಮರಗಳ ಕೆಳಗೆ ಸ್ಕೂಟರಿನಲ್ಲಿ ಹಿಂದವಾಡಿಯ ಮನೆಗೆ ಹೋಗುವಾಗ ತೀರ್ಮಾನ ಮಾಡಿದೆ. ಮನಸ್ಸಿನ ತಪಾಸಣೆ ಆಗುವವರೆಗೆ ಇಳಿಜಾರು ಕಲಿಸುವುದಿಲ್ಲ. ಮರುದಿನ ಸಾಹೇಬರಿಗೆ ಹೇಳಿಯೂ ಬಿಟ್ಟೆ. 'ಹಂಗಾರ ಅವಂದು ಡಿಸ್ಚಾರ್ಜ್ ಯಾವಾಗ?' ಎಂದರು. 'ತಪಾಸಣೆ ಯಾವಾಗ ಆಗ್ತೈತೋ ಅವಾಗ' ಎಂದೆ. ಅವರ ಮುಖ ಕೆಂಪಾಯಿತು.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳುವುದು ನನಗೆ ಇಷ್ಟವಿಲ್ಲ. ನನ್ನ ಕೆಲಸವೇ 'ನೀವೇ ಮಾಡಿ, ನಾನು ಹಿಡಿಯುವುದಿಲ್ಲ' ಎನ್ನುವುದು. ಈಗ ಒಬ್ಬ ಮನುಷ್ಯನನ್ನು ಬೇಕೆಂದೇ ಅಸಹಾಯಕನನ್ನಾಗಿ ಇಟ್ಟಿದ್ದೆ. ದಾಜಿ ದಿನಾ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ನನ್ನ ಕಡೆ ನೋಡುತ್ತಿದ್ದರು. 'ಇವತ್ತ ಇಳಿಜಾರ?' 'ಭುಜ ಇನ್ನಷ್ಟು ಗಟ್ಟಿ ಆಗಲಿ ದಾಜಿ' ಎನ್ನುತ್ತಿದ್ದೆ. ಅವರ ಭುಜಗಳು ನನ್ನ ತೊಡೆಯಷ್ಟು ಗಟ್ಟಿಯಿದ್ದವು. ಅವರಿಗೂ ಅದು ಗೊತ್ತಿತ್ತು. ಆದರೂ ಹೂಂ ಎಂದು ಮತ್ತೆ ತೂಕ ಎತ್ತುತ್ತಿದ್ದರು.

ಕೊನೆಗೆ ಸಾಹೇಬರು ಸಹಿ ಹಾಕಿದರು, ನನ್ನ ಕಾಟ ತಪ್ಪಿಸಿಕೊಳ್ಳಲು. ಇನ್ನು ಮನೆಯವರ ಒಪ್ಪಿಗೆ. ಅಕ್ಕ ತಲೆ ಬಗ್ಗಿಸಿ ತನ್ನ ಅಣ್ಣನ ಕಡೆ ನೋಡಿದಳು. ಅವರು ಖಾನಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡ, ನಾಲ್ಕು ಜನ ಮಾತು ಕೇಳುವ ಮನುಷ್ಯ. ವಾರದಲ್ಲಿ ಮೂರು ಸಲವಾದರೂ ಅಂಗಡಿ ಮುಚ್ಚಿ ಬಂದು ತಂಗಿಯ ಗಂಡನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು.

'ನಮ್ಮ ದಾಜೀದು ತಲಿ ಕೆಟ್ಟೈತೇನ್ರಿ ಮೇಡಂ?' ಎಂದರು. ಧ್ವನಿಯಲ್ಲಿ ಜಗಳವಿರಲಿಲ್ಲ, ಭಯವಿತ್ತು. 'ಊರಾಗ ಗೊತ್ತಾದ್ರ ಏನಂತಾರ? ದಾಜೀ ಮಗಳು ಸಾಲಿ ಕಲಿಯಾಕತ್ತಾಳ. ನಾಳೆ ಅಕೀ ಲಗ್ನಕ್ಕ ಅಡ್ಡ ಬರ್ತೈತಿ.'

'ತಲಿ ಕೆಟ್ಟವ್ರಿಗಷ್ಟ ಅಲ್ರಿ ಅದು. ರಕ್ತಾ ತಪಾಸ ಮಾಡ್ತೀವಲ್ಲ, ಹಂಗ. ಇಷ್ಟು ದೊಡ್ಡ ಪೆಟ್ಟಾದವ್ರದು ಎಲ್ಲಾರದೂ ಮಾಡಬೇಕು.'

'ಆತ್ರಿ. ಆದ್ರ ನಾ ಜೋಡಿ ಇರ್ತೀನಿ' ಎಂದರು. ಒಪ್ಪಿದರಲ್ಲ ಎಂಬ ಸಮಾಧಾನದಲ್ಲಿ ನಾನು ಆ ಷರತ್ತನ್ನು ಗಮನಿಸಲೇ ಇಲ್ಲ.

ತಪಾಸಣೆಯ ದಿನ ನಾನೇ ಕುರ್ಚಿ ತಳ್ಳಿಕೊಂಡು ಹಿಂದಿನ ಕಟ್ಟಡಕ್ಕೆ ಹೋದೆ. ಮನಶ್ಶಾಸ್ತ್ರಜ್ಞೆ ಮೈಸೂರಿನ ಕಡೆಯ ಹುಡುಗಿ, ಬೆಳಗಾವಿಗೆ ಬಂದು ವರ್ಷವಾಗಿರಲಿಲ್ಲ. ಒಳ್ಳೆಯವಳು. ಬೆಳಗಿನಿಂದ ಎಷ್ಟು ಜನರ ದುಃಖ ಕೇಳಿದ್ದಳೋ, ಕಣ್ಣು ಬತ್ತಿದ್ದವು. ಚಿಕಿತ್ಸೆ ಕೊಡುವವರು ಒಳಗಿದ್ದರೆ ರೋಗಿ ಬಾಯಿ ಬಿಡುವುದಿಲ್ಲ ಎಂದು ನನ್ನನ್ನು ಹೊರಗೆ ಕೂರಲು ಹೇಳಿದಳು. ಅದು ಸರಿಯಾದ ಕ್ರಮವೇ. ಬಾಗಿಲು ಮುಚ್ಚುವ ಮೊದಲು ಅವಳ ಮೊದಲ ಪ್ರಶ್ನೆ ಕೇಳಿಸಿತು: 'ಇತ್ತೀಚೆಗೆ ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಅನ್ನಿಸ್ತಾ ಇದೆಯಾ?' ದಾಜಿ ಹೆಂಡತಿಯ ಅಣ್ಣನ ಕಡೆ ತಿರುಗಿದರು. ಅವರಿಗೆ ಬರುವುದು ವಾರ್ಡಿನ ಕನ್ನಡ, ಸಂತೆಯ ಕನ್ನಡ. ಮನಸ್ಸಿನ ಮಾತೆಲ್ಲ ಮರಾಠಿಯಲ್ಲಿ. ಹೆಂಡತಿಯ ಅಣ್ಣ ಮುಂದೆ ಬಾಗಿ, 'ನಾ ಹೇಳ್ತೀನ್ರಿ ಅವ್ರಿಗೆ' ಎಂದರು. ಬಾಗಿಲು ಮುಚ್ಚಿತು.

ಹೊರಗೆ ಬಂದಾಗ ಮೂವರ ಮುಖದಲ್ಲೂ ನಗುವಿತ್ತು. ವರದಿ ಎರಡು ದಿನಕ್ಕೆ ಬಂತು. ನಿದ್ರೆ, ಹಸಿವು ಸರಿಯಿದೆ. ತಲೆಯಾಡಿಸುತ್ತಾ ಚೆನ್ನಾಗಿ ಸಹಕರಿಸಿದರು. ಸಾಯುವ ಯೋಚನೆ ಇಲ್ಲ ಎಂದು ತಿಳಿಸಿದರು. ಒಂದು ತಿಂಗಳ ನಂತರ ಮತ್ತೊಮ್ಮೆ ನೋಡಬಹುದು.

ಸಾಹೇಬರು ವರದಿಯನ್ನು ನನ್ನ ಕಡೆ ಸರಿಸಿದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವಮಾನವಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ನನ್ನ ತಲೆಯೇ ಕೆಟ್ಟಿದೆ, ದಾಜಿಯದಲ್ಲ ಎಂದು ನರ್ಸಿಗೆ ಹೇಳಿ ನಕ್ಕೆ.

ಮರುದಿನ ಬೆಳಿಗ್ಗೆ ಇಳಿಜಾರು ಕಲಿಸಿದೆ. ಆಸ್ಪತ್ರೆಯ ಹಿಂದಿನ ಗೇಟಿನಿಂದ ಕೆಳಗಿಳಿಯುವ ಒಂದು ಮಣ್ಣಿನ ದಾರಿ ಇದೆ, ಮಳೆಗೆ ಕೊಚ್ಚಿ ಕಲ್ಲು ಎದ್ದಿದೆ. ಬೆನ್ನು ಹಿಂದಕ್ಕೆ ಒರಗಿಸಬೇಕು. ಗಾಲಿಯ ಹೊರಬಳೆಯನ್ನು ಬಿಗಿ ಹಿಡಿಯದೆ, ಪೂರ್ತಿ ಬಿಡದೆ, ಅಂಗೈಯಲ್ಲಿ ಜಾರಲು ಬಿಡಬೇಕು. ಕಲ್ಲು ಬಂದರೆ ಮುಂದಿನ ಸಣ್ಣ ಗಾಲಿ ಎತ್ತಬೇಕು. ನಿಂತ ಕೂಡಲೇ ಬ್ರೇಕ್. ನಾನು ಹಿಂದಿನಿಂದ ಕುರ್ಚಿಗೆ ಹಗ್ಗ ಕಟ್ಟಿ ಹಿಡಿದಿದ್ದೆ. ನಾಲ್ಕನೇ ದಿನ ಹಗ್ಗ ಬಿಟ್ಟೆ. ದಾಜಿ ಮೇಲಿನಿಂದ ಕೆಳಗಿನವರೆಗೆ ಒಬ್ಬರೇ ಇಳಿದು, ನಾನು ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ನಿಂತು, ಬ್ರೇಕ್ ಹಾಕಿ, ತಿರುಗಿ ನೋಡಿದರು. ಗೇಟಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ವಾರವೇ ಅವರು ಊರಿಗೆ ಹೋದರು.

ಬಿಡುಗಡೆಯಾದವರ ಮನೆಗೆ ಹೋಗಿ ಬಾಗಿಲ ಅಗಲ, ಬಚ್ಚಲಿನ ಎತ್ತರ ನೋಡಿ ಬರಬೇಕು ಎಂಬುದೂ ನಮ್ಮಲ್ಲಿ ಒಂದು ಪದ್ಧತಿ. ಪುರಸೊತ್ತಿಲ್ಲದೆ ಬಹಳ ಸಲ ಫೋನಿನಲ್ಲೇ ಮುಗಿಸುತ್ತೇವೆ. ದಾಜಿಯ ಮನೆಗೆ ಮಾತ್ರ ಒಂದು ಭಾನುವಾರ ರೈಲು ಹತ್ತಿ ಹೋದೆ, ಒಂದು ಥರದ ಖುಷಿಯಲ್ಲೇ. ಖಾನಾಪುರ ಸ್ಟೇಷನ್ನಿಗೆ ಹೆಂಡತಿಯ ಅಣ್ಣ ಬೈಕು ತಂದಿದ್ದರು. ದಾರಿಯಲ್ಲಿ ಚಹಾ ಕುಡಿಸದೆ ಬಿಡಲಿಲ್ಲ.

'ಬಾಳ ಉಪಕಾರ ಆತ್ರಿ ನಿಮ್ಮಿಂದ' ಎಂದರು. 'ಆ ಮನಸಿನ ಡಾಕ್ಟರ್ ಕಡೆ ಹೋಗಿದ್ದಷ್ಟ ನನಗ ಮನಸ್ಸಿಗೆ ಬರಲಿಲ್ಲ ನೋಡ್ರಿ. ಹುಡಿಗಿ ಛಲೋ ಅದಾಳ, ಖರೇ, ಆದ್ರ ಏನೇನೋ ಅಪಶಕುನದ ಮಾತ ಕೇಳ್ತಾಳ.'

'ಏನ್ ಕೇಳಿದ್ಲು?'

ಅವರು ಲೋಟ ಕೆಳಗಿಟ್ಟರು. 'ಸಾಯಬೇಕ ಅನಸ್ತೈತೇನು, ಹಂಗ ಮಾಡ್ಕೊಳ್ಳೂ ವಿಚಾರ ಬರ್ತೈತೇನು ಅಂತ. ಮಲಗಿ ಎದ್ದ ಮನಶ್ಯಾಗ ಅಂಥಾ ಮಾತ ಕೇಳೂದೇನ್ರಿ? ನಮ್ಮ ಮನ್ಯಾಗ ಬ್ಯಾನಿ ಬಿದ್ದವ್ರ ಮುಂದ ಆ ಶಬ್ದಾನ ತಗಿಯಂಗಿಲ್ಲ. ನಾ ಅದನ್ನ ದಾಜಿಗೆ ದಾಟಸಲೇ ಇಲ್ಲ.'

'ಮತ್ತ ಏನ್ ಕೇಳಿದ್ರಿ?' ಎಂದೆ.

'ಊಟಾ ರುಚಿ ಹತ್ತತೈತೇನು ಅಂತ ಕೇಳಿದ್ನಿ. ಹೌದು ಅಂತ ತಲಿ ಅಲಗಾಡಿಸಿದ್ರು. ನಾ ಡಾಕ್ಟರ್‌ಗೆ, ಅಂಥಾದ್ದೇನೂ ಇಲ್ಲಂತ್ರಿ ಅಂದೆ. ಹಂಗ ಎರಡ್ ಮೂರ್ ಮಾತ ನಾನ ಸಂಭಾಳಿಸಿದ್ನಿ.' ಒಳ್ಳೆಯ ಕೆಲಸ ಮಾಡಿದ ತೃಪ್ತಿ ಅವರ ಮುಖದಲ್ಲಿತ್ತು. ತಂಗಿಯ ಗಂಡನನ್ನು ಕೆಟ್ಟ ಮಾತಿನಿಂದ ಕಾಪಾಡಿದ್ದರು.

ಅವರ ಮೇಲೆ ಕೂಗಾಡಬೇಕು ಅನ್ನಿಸಿತು. ಆಗಲಿಲ್ಲ. ಕಾಲಿಗೆ ಎಣ್ಣೆ ಹಚ್ಚಿದ ಅದೇ ಪ್ರೀತಿಯಿಂದ ಈ ಕೆಲಸವನ್ನೂ ಮಾಡಿದ್ದರು. ತಪಾಸಣೆ ಆಗಿರಲೇ ಇಲ್ಲ. ಆಗಿದೆ ಎಂದು ನಂಬಿ, ಹಗ್ಗ ಬಿಟ್ಟು, ಚಪ್ಪಾಳೆ ತಟ್ಟಿದವಳು ನಾನು. 'ಗಾಡಿ ತಗೀರಿ' ಎಂದೆ. 'ಚಹಾ?' ಎಂದರು. 'ತಗೀರಿ' ಎಂದೆ.

ಮನೆಯ ಮುಂದೆ ಅಕ್ಕ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು, 'ಬರ್ರಿ ಮೇಡಂ, ಕುಂದರ್ರಿ' ಎಂದಳು.

'ದಾಜಿ ಎಲ್ಲದಾರ?'

'ಹಿಂದ. ಹೊಳಿ ಕಡೆ. ದಿನಾ ಈ ಹೊತ್ತಿಗೆ ಹೋಗ್ತಾರ. ನಾ ಜೋಡಿ ಬಂದ್ರ ಸಿಟ್ಟಾಗ್ತಾರ, ಮ್ಯಾಲ ತಳ್ಳಾಕಷ್ಟ ಕರೀತಾರ.'

ಮನೆಯ ಬದಿಯಿಂದ ಓಡಿದೆ. ಇಳಿಜಾರು ಅವರು ಹೇಳಿದ ಹಾಗೇ ಇತ್ತು, ಕಲ್ಲು ಎದ್ದ ಕೆಂಪು ಮಣ್ಣು. ಕೆಳಗೆ ನೀರಿನ ಅಂಚಿನಲ್ಲಿ ಕುರ್ಚಿಯ ಬೆನ್ನು ಕಂಡಿತು. ಅದರಲ್ಲಿ ಅವರ ತಲೆಯೂ ಕಂಡಾಗ ಓಟ ನಿಲ್ಲಿಸಿ, ಉಳಿದ ದಾರಿಯನ್ನು ನಡೆದೇ ಇಳಿದೆ. ಬ್ರೇಕ್ ಹಾಕಿತ್ತು. ಎರಡೂ ಕೈ ಬ್ರೇಕಿನ ಮೇಲೇ ಇದ್ದವು.

ಅವರು ತಿರುಗಿ ನೋಡಿದರು, ನಗಲಿಲ್ಲ. ನಮ್ಮ ವಾರ್ಡಿನಲ್ಲಿ ಇಷ್ಟು ದಿನ ಇದ್ದವರ ನಿಜವಾದ ಮುಖವನ್ನು ನಾನು ನೋಡಿದ್ದು ಆವಾಗಲೇ. ಪಕ್ಕದ ಬಂಡೆಯ ಮೇಲೆ ಕೂತೆ. ಹಿಂದವಾಡಿಯಲ್ಲಿ ಬೆಳೆದವಳಿಗೆ ಮರಾಠಿ ಬರದೆ ಇರುವುದಿಲ್ಲ, ಆದರೆ ನನ್ನದು ಓಣಿಯ ಮರಾಠಿ, ತರಕಾರಿ ಕೊಳ್ಳಲು, ಜಗಳಕ್ಕೆ ಸಾಕಾಗುವಷ್ಟು. ಆ ಮರಾಠಿಯಲ್ಲೇ ಕೇಳಿದೆ. ಸಾಯಬೇಕು ಅನ್ನಿಸುತ್ತದೆಯೇ ದಾಜಿ, ಎಂದು ನೇರವಾಗಿ ಕೇಳಿದೆ.

ಅವರು ನೀರಿನ ಕಡೆ ನೋಡುತ್ತಾ ಹೇಳಿದರು: 'ರೋಜ್.'

ದಿನವೂ. ಹೊಳೆಯಾಚೆ ಯಾರೋ ಎಮ್ಮೆಯ ಮೈ ತೊಳೆಯುತ್ತಿದ್ದರು. ಆಮೇಲೆ ಅವರೇ ತಮ್ಮ ವಾರ್ಡಿನ ಕನ್ನಡದಲ್ಲಿ ಮಾತಾಡಿದರು.

'ಇಳದ ಮ್ಯಾಲೆ ಕೈ ತಾನಾಗೇ ಬ್ರೇಕಿಗೆ ಹೋಗ್ತೈತ್ರಿ. ನೀವ ಹಚ್ಚಿದ ಚಟ. ಆಮ್ಯಾಗ ಅದನ್ನ ತಗಿಯಾಕ ಕೈ ಏಳೂದಿಲ್ಲ. ಇವತ್ತಿನ ತನಕ ಎದ್ದಿಲ್ಲ. ನಾ ಅಲ್ಲಿದ್ದಾಗ ಎಲ್ಲಾರೂ ಎಲ್ಲಾ ಕೇಳಿದ್ರು. ಇದನ್ನ ಯಾರೂ ಕೇಳಲಿಲ್ಲ. ನನಗ ಅನಸ್ತಿತ್ತು, ಇದು ಕೇಳೂವಂಥಾ ಮಾತಲ್ಲ, ಹೇಳೂವಂಥಾದ್ದೂ ಅಲ್ಲ ಅಂತ' ಎಂದರು.

ನಾನು ಅತ್ತೆ. ರೋಗಿಯ ಮುಂದೆ ಅಳಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಅತ್ತೆ. ಮೇಲೆ ಇಳಿಜಾರಿನ ತುದಿಯಲ್ಲಿ ಅಕ್ಕ ಮೊರ ಹಿಡಿದೇ ನಿಂತಿದ್ದಳು. ಅವಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು. 'ದಿನಾ ಇಲ್ಲಿಗೆ ಬಂದ ಬಂದ ನೋಡ್ತೀನ್ರಿ, ಅವ್ರಿಗೆ ಕಾಣದಂಗ' ಎಂದು ಆಮೇಲೆ ಹೇಳಿದಳು. 'ಕೇಳಾಕ ಬಾಯಿ ಬರಲಿಲ್ಲ.'

ಕುರ್ಚಿಯನ್ನು ನಾವಿಬ್ಬರೂ ತಳ್ಳಿ ಮೇಲೆ ತಂದೆವು. ಹೊಳೆಯ ಕಡೆಯ ದಾರಿಗೆ ಆ ಸಂಜೆಯೇ ಹೆಂಡತಿಯ ಅಣ್ಣ ಮುಳ್ಳುಬೇಲಿ ಹಾಕಿಸಿದರು. ಅವರಿಗೆ ವಿಷಯ ಹೇಳಿದಾಗ ಅಂಗಳದಲ್ಲಿ ಕುಸಿದು ಕೂತು ತಲೆ ತಲೆ ಬಡಿದುಕೊಂಡರು. ದಾಜಿ ಆ ಬೇಲಿಯನ್ನು ನೋಡಿ ನನ್ನ ಕಡೆ ನೋಡಿದರು. ಕಲಿಸಿದವಳೂ ನಾನೇ, ಕಿತ್ತುಕೊಂಡವಳೂ ನಾನೇ.

ಮರುದಿನ ಮತ್ತೊಂದು ಕೋರಿಕೆ ಬರೆದೆ. ಸಾಹೇಬರು ಪೂರ್ತಿ ಓದದೆ ಸಹಿ ಹಾಕಿ, ಊರಿನ ಒಬ್ಬ ಮನೋವೈದ್ಯರಿಗೆ ತಾವೇ ಫೋನು ಮಾಡಿದರು. ಮನೋವೈದ್ಯರು ತಡಮಾಡದೆ ನೋಡಿದರು, ಮಾತ್ರೆ ಕೊಟ್ಟರು, ಯಾವಾಗಲೂ ಒಬ್ಬರು ಜೊತೆಯಲ್ಲಿರಬೇಕು ಎಂದರು. ಮಾತ್ರೆ ಹಿಡಿಯಲು ವಾರಗಟ್ಟಲೆ ಬೇಕಂತೆ. ಮೈಸೂರಿನ ಹುಡುಗಿ ಈಗ ಮರಾಠಿ ಕಲಿಯುತ್ತಿದ್ದಾಳೆ. ಮರಾಠಿಯಲ್ಲಿ ಕೂತು ಮಾತಾಡಿಸುವ ಆಪ್ತಸಲಹೆಗಾರರು ಬೇಕೆಂದು ನಾವು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ವಾರ್ಡಿನ ಪದ್ಧತಿಯೂ ಬದಲಾಗಿಲ್ಲ. ಮೊನ್ನೆ ಅಳುವವರೊಬ್ಬರನ್ನು ಕಳಿಸಿದೆವು, ವ್ಯಾಯಾಮ ಮಾಡುವವರನ್ನು ಹೊಗಳಿದೆವು.

ಆ ಭಾನುವಾರ ಹೊರಡುವಾಗ ದಾಜಿ ನನ್ನನ್ನು ಹತ್ತಿರ ಕರೆದು ಒಂದೇ ಮಾತು ಕೇಳಿದ್ದರು: 'ಮೇಡಂ, ನಾಳೆನೂ ಕೇಳ್ತೀರೇನು?' ಕೇಳುತ್ತೇನೆ ಎಂದೆ. ಅಂದಿನಿಂದ ದಿನಾ ಬೆಳಿಗ್ಗೆ ವಾರ್ಡಿಗೆ ಹೋಗುವ ಮೊದಲು, ಸ್ಕೂಟರಿನ ಮೇಲೆ ಕೂತು, ನನ್ನ ಓಣಿಯ ಮರಾಠಿಯಲ್ಲಿ ಫೋನು ಮಾಡಿ ಅದೇ ಪ್ರಶ್ನೆ ಕೇಳುತ್ತೇನೆ. ಫೋನು ಎತ್ತುವವರೆಗೆ ನನ್ನ ಜೀವ ಕೈಯಲ್ಲಿರುತ್ತದೆ. ಇವತ್ತೂ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು. ಉತ್ತರ ಅದೇ.